ಮನವಿ ನಡೆದ ದಾರಿ

ಸಂಸತ್ತಿನ ಮುಂದೆ ಬಂದ ಮಸೂದೆ, ಅಂದರೆ ಇನ್ನೂ ಚರ್ಚೆಯ ಹಂತದಲ್ಲಿರುವ ಕಾನೂನಿನ ಕರಡು, ಕಾಯಿದೆಯಾಗುವ ಮೊದಲೇ ತಮ್ಮ ಮಾತನ್ನು ಶಾಸನಕರ್ತರಿಗೆ ಮುಟ್ಟಿಸಬೇಕೆಂದು ಜನ ಪಟ್ಟ ಪಾಡಿನ ನೆನಪು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಇನ್ನೂ ಮಾಸಿಲ್ಲ. ಈ ನಾಲ್ಕೂ ತಾಲ್ಲೂಕುಗಳು ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ಲೋಕಸಭೆಯಲ್ಲಿ ಇವುಗಳ ಪರವಾಗಿ ಕೂರುವವರು ಒಬ್ಬರೇ ಸಂಸದರು. ನಾಲೆಯ ನೀರುಣ್ಣುವ ಭತ್ತ, ಕಬ್ಬಿನ ಬಯಲು ಒಂದು ಕಡೆ, ಮಳೆಯನ್ನೇ ನಂಬಿದ ನಾಗಮಂಗಲದ ರಾಗಿಹೊಲ ಇನ್ನೊಂದು ಕಡೆ ಇರುವ ಈ ಸೀಮೆಯಲ್ಲಿ, ಬೀಜ, ನೀರು, ಕಬ್ಬಿನ ಬೆಲೆ, ವಿದ್ಯುತ್ತು, ಭೂಮಿ ಇವುಗಳಲ್ಲಿ ಯಾವುದನ್ನು ಕುರಿತು ಕೇಂದ್ರದಲ್ಲಿ ಮಸೂದೆ ಬಂದರೂ ಅದು ಯಾವುದಾದರೊಂದು ಊರಿನ ಒಕ್ಕಲಿನ ಲೆಕ್ಕಾಚಾರವನ್ನು ಬದಲಿಸದೆ ಇರುವುದಿಲ್ಲ. ಕಳೆದ ನಾಲ್ಕು ದಶಕಗಳ ಚಳವಳಿಯನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ನಿಚ್ಚಳವಾಗಿ ಕಾಣುತ್ತದೆ. ಜನರ ಮಾತನ್ನು ಕೂತು ಕೇಳಬೇಕಾದ ಸಮಿತಿಯೊಂದು ಸಂಸತ್ತಿನೊಳಗೆ ಇದ್ದಾಗ ಮಸೂದೆಗಳು ತಿದ್ದುಪಡಿಯಾಗಿವೆ. ಅಂಥ ಸಮಿತಿಯ ಕೈಗೆ ಮಸೂದೆ ಹೋಗದಿದ್ದಾಗ ಅದೇ ಜನ ತಿಂಗಳುಗಟ್ಟಲೆ ಬೀದಿಯಲ್ಲಿ ಕೂರಬೇಕಾಗಿ ಬಂದಿದೆ.

ಅಹವಾಲು ಹೊತ್ತು ರಾಜಧಾನಿಗೆ ಹೋಗುವ ವಾಡಿಕೆ ಈ ನೆಲಕ್ಕೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಅದರ ಮೊದಲ ಅಧಿವೇಶನಕ್ಕೆ 144 ಮಂದಿ ಪ್ರತಿನಿಧಿಗಳು ಬಂದಿದ್ದರು. ಆಗ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂದೂ ಕೃಷ್ಣರಾಜಪೇಟೆಗೆ ಅತ್ತಿಕುಪ್ಪೆ ಎಂದೂ ಹೆಸರಿತ್ತು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ದಸರೆಯ ಹೊತ್ತಿಗೆ ತಾಲ್ಲೂಕುಗಳ ಪ್ರತಿನಿಧಿಗಳು ಮೈಸೂರಿಗೆ ಹೋಗಿ, ದಿವಾನರ ವರದಿಯನ್ನು ಕೇಳಿ, ಕೆರೆ, ಕಂದಾಯ, ರಸ್ತೆ, ಶಾಲೆಗಳ ವಿಷಯದಲ್ಲಿ ತಮ್ಮೂರಿನ ಕಷ್ಟವನ್ನು ಹೇಳಿ ಬರುವುದು ಆ ಸಭೆಯ ಕ್ರಮವಾಗಿತ್ತು. ಮೊದಮೊದಲು ಸಭೆಗೆ ಕಾನೂನಿನ ಮೇಲೆ ಯಾವ ಹಿಡಿತವೂ ಇರಲಿಲ್ಲ. ಆದರೆ 1923ರ ಸುಧಾರಣೆಯ ನಂತರ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಯಾವುದೇ ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ, ಅಂದರೆ ಕಾನೂನು ಮಾಡುವ ಸಭೆಯಲ್ಲಿ, ಮಂಡಿಸುವ ಮೊದಲು ಅದರ ಮೂಲತತ್ತ್ವಗಳ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕೆಂಬ ನಿಯಮ ಬಂತು. ಮಸೂದೆ ಮಂಡನೆಗೆ ಮೊದಲೇ ಜನರನ್ನು ಕೇಳಬೇಕೆಂಬ ಈ ಕಟ್ಟುಪಾಡು ಅರಸೊತ್ತಿಗೆಯ ಮೈಸೂರಿನಲ್ಲಿ ಇತ್ತೆಂಬುದು ಇಂದಿನ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ. ಸಭೆಯ ಒಳಗೆ ಕೇಳದ ಮಾತನ್ನು ಹೊರಗೆ ನಡೆದು ಹೇಳುವ ರೂಢಿಯೂ ಆ ಕಾಲದ್ದೇ. 1930ರ ದಶಕದ ಆರಂಭದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯಲಾಗುವ ಇರ್ವಿನ್ ನಾಲೆಯ ನೀರಿಗೆ ವಂತಿಗೆ ಕೊಡಬೇಕೆಂಬ ಸರ್ಕಾರದ ನಿರ್ಧಾರವನ್ನು ವಿರೋಧಿಸಿ ಮಂಡ್ಯ ಸೀಮೆಯ ರೈತರು ಚಳವಳಿ ಹೂಡಿದರು; ಎಚ್.ಕೆ. ವೀರಣ್ಣಗೌಡರು ಅದರ ಮುಂದಾಳುಗಳಲ್ಲಿ ಒಬ್ಬರು.

ಸ್ವಾತಂತ್ರ್ಯದ ನಂತರ ಅಹವಾಲಿನ ವಿಳಾಸ ಬದಲಾಯಿತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ಬೆನ್ನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಕಟ್ಟಲ್ಪಟ್ಟು, ಅದರ ಗುರುತಾದ ಹಸಿರು ಶಾಲು ಈ ಸೀಮೆಯ ಹಳ್ಳಿಹಳ್ಳಿಗೂ ಬಂತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು, ಮುಂದೆ 1994ರಲ್ಲಿ ಪಾಂಡವಪುರದಿಂದಲೂ 2013ರಲ್ಲಿ ಮೇಲುಕೋಟೆಯಿಂದಲೂ ವಿಧಾನಸಭೆಗೆ ಆರಿಸಿಹೋದವರು, ಸಂಘದ ಮಾತನ್ನು ರೈತನ ನುಡಿಗಟ್ಟಿನಲ್ಲೇ ಆಡಿ ಜನರಿಗೆ ಅರ್ಥ ಮಾಡಿಸುತ್ತಿದ್ದ ನಾಯಕರು. ಹೊಲದಲ್ಲಿ ಕೆಲಸ ಮಾಡುವವನಿಗೆ ದೆಹಲಿಯ ಕರಡೊಂದರಲ್ಲಿ ಏನಿದೆ ಎಂದು ತಿಳಿಯುತ್ತಿದ್ದದ್ದು ಪತ್ರಿಕೆಗಿಂತ ಹೆಚ್ಚಾಗಿ ಇಂಥವರ ಭಾಷಣದಿಂದ. ಆ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಆ ವರ್ಷಗಳಲ್ಲಿ ಪಾಂಡವಪುರದಲ್ಲಿ ಮನವಿ ಸಲ್ಲಿಕೆ ನಡೆಯುತ್ತಿದ್ದ ಕ್ರಮ ಕಂಡವರ ಕಣ್ಣಿಗೆ ಕಟ್ಟಿದಂತಿದೆ. ಹಳ್ಳಿಗಳಿಂದ ಬಂದವರು ಐದು ದೀಪದ ವೃತ್ತದಲ್ಲಿ ಸೇರುತ್ತಿದ್ದರು. ಘೋಷಣೆ ಕೂಗುತ್ತ ಮೆರವಣಿಗೆ ತಾಲ್ಲೂಕು ಕಚೇರಿಯತ್ತ ಹೊರಡುತ್ತಿತ್ತು. ಮನವಿಪತ್ರ ಕಾರ್ಬನ್ ಹಾಳೆ ಇಟ್ಟು ಬೆರಳಚ್ಚು ಮಾಡಿಸಿದ್ದು. ಮೇಲುಗಡೆ ‘ಇವರಿಗೆ’ ಎಂದು ಬರೆದು ರಾಷ್ಟ್ರಪತಿಗಳ ಅಥವಾ ಪ್ರಧಾನಮಂತ್ರಿಗಳ ವಿಳಾಸ, ಅದರ ಕೆಳಗೆ ‘ಮಾನ್ಯ ತಹಶೀಲ್ದಾರರ ಮೂಲಕ’ ಎಂಬ ಸಾಲು, ಆಮೇಲೆ ‘ವಿಷಯ’, ಆಮೇಲೆ ಬೇಡಿಕೆಗಳು. ಸಹಿ ಬಾರದವರು ನೇರಳೆ ಮಸಿಯ ಪ್ಯಾಡಿಗೆ ಹೆಬ್ಬೆರಳು ಒತ್ತಿ, ಹಾಳೆಯ ಮೇಲೆ ಗುರುತು ಮಾಡಿ, ಬೆರಳನ್ನು ತಲೆಗೂದಲಿಗೆ ಉಜ್ಜಿಕೊಳ್ಳುತ್ತಿದ್ದರು. ತಹಶೀಲ್ದಾರರು ಕಚೇರಿಯ ಮೆಟ್ಟಿಲಿಗೆ ಬಂದು, ನಾಯಕರೊಬ್ಬರು ಮನವಿಯನ್ನು ಗಟ್ಟಿಯಾಗಿ ಓದುವುದನ್ನು ನಿಂತು ಕೇಳಿ, ಅದನ್ನು ಕೈಗೆ ತೆಗೆದುಕೊಂಡು, ಮೇಲಿನವರಿಗೆ ಕಳಿಸಿಕೊಡುವುದಾಗಿ ಹೇಳುತ್ತಿದ್ದರು. ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರು ಬೀಳುತ್ತಿತ್ತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲೂ ಪದ್ಧತಿ ಇದೇ.

ಈ ಪದ್ಧತಿಯ ಶಕ್ತಿ ದೊಡ್ಡದು: ಅದು ಸಾವಿರಾರು ಜನರಿಗೆ ಒಂದೇ ಮಾತನ್ನು ಒಟ್ಟಿಗೆ ಹೇಳುವುದನ್ನು ಕಲಿಸಿತು. ಆದರೆ ಅದರ ಮಿತಿಯನ್ನೂ ಹೇಳಬೇಕು. ತಹಶೀಲ್ದಾರರು ಕಾರ್ಯಾಂಗದ, ಅಂದರೆ ಕಾನೂನನ್ನು ಜಾರಿ ಮಾಡುವ ಆಡಳಿತದ, ಅಧಿಕಾರಿ. ಅವರ ಮೂಲಕ ಹೋದ ಕಾಗದ ಜಿಲ್ಲಾಧಿಕಾರಿ, ಕಾರ್ಯದರ್ಶಿ ಎಂದು ಆಡಳಿತದ ಮೆಟ್ಟಿಲನ್ನೇ ಹತ್ತುತ್ತದೆ. ಮಸೂದೆಯನ್ನು ತಿದ್ದುವ ಅಧಿಕಾರವಿರುವುದು ಶಾಸಕಾಂಗಕ್ಕೆ, ಅಂದರೆ ಲೋಕಸಭೆ ಮತ್ತು ರಾಜ್ಯಸಭೆಗಳಿಗೆ. ಒಂದು ಹಾದಿಯ ಪರಿಚಯ ಈ ತಾಲ್ಲೂಕುಗಳ ಜನಕ್ಕೆ ಚೆನ್ನಾಗಿ ಇತ್ತು. ಇನ್ನೊಂದರ ಪರಿಚಯವನ್ನು ಯಾರೂ ಮಾಡಿಕೊಟ್ಟಿರಲಿಲ್ಲ.

ಆ ಇನ್ನೊಂದು ಹಾದಿಯ ಅಗತ್ಯ ಮೊದಲು ತೀವ್ರವಾಗಿ ಕಂಡದ್ದು ಡಂಕೆಲ್ ಪ್ರಸ್ತಾವದ ದಿನಗಳಲ್ಲಿ. ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮಹಾನಿರ್ದೇಶಕ ಆರ್ಥರ್ ಡಂಕೆಲ್ 1991ರ ಡಿಸೆಂಬರಿನಲ್ಲಿ ಮುಂದಿಟ್ಟ ಕರಡು, ಸದಸ್ಯ ರಾಷ್ಟ್ರಗಳೆಲ್ಲ ಸಸ್ಯ ತಳಿಗಳ ಮೇಲೆ ಪೇಟೆಂಟ್ ಅಥವಾ ಅದಕ್ಕೆ ಸಮನಾದ ಹಕ್ಕನ್ನು ಕೊಡುವ ಕಾನೂನು ಮಾಡಬೇಕೆಂದು ಹೇಳಿತ್ತು. ಬಿತ್ತನೆ ಬೀಜವನ್ನು ಮನೆಯಲ್ಲೇ ಎತ್ತಿಟ್ಟುಕೊಳ್ಳುವ ರೈತನಿಗೆ ಇದರ ಅರ್ಥವೇನೆಂದು ರೈತ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಊರೂರಿನಲ್ಲಿ ವಿವರಿಸಿದರು. 1992ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ರೈತರು ಅಲ್ಲಿನ ಕಡತಗಳನ್ನು ಬೀದಿಗೆಸೆದು ಸುಟ್ಟರು. 1993ರ ಮಾರ್ಚಿನಲ್ಲಿ ದೆಹಲಿಯ ಕೆಂಪುಕೋಟೆಯ ಬಳಿ ಉತ್ತರ ಭಾರತದ ರೈತರ ಜೊತೆ ಕರ್ನಾಟಕದ ಹಸಿರು ಶಾಲುಗಳು ಸೇರಿದವು. ಅದೇ ವರ್ಷದ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಬೃಹತ್ ಸಮಾವೇಶ ನಡೆಯಿತು. ಇಷ್ಟಾದರೂ 1994ರ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಭಾರತದ ಸಹಿ ಬಿತ್ತು. ವಿದೇಶಗಳೊಂದಿಗಿನ ಒಪ್ಪಂದಕ್ಕೆ ಸಹಿ ಹಾಕುವುದು ಕಾರ್ಯಾಂಗದ ಅಧಿಕಾರವೆಂದೂ, ಅದಕ್ಕೆ ಸಂಸತ್ತಿನ ಪೂರ್ವಾನುಮತಿ ಬೇಕಿಲ್ಲವೆಂದೂ, ಸಂಸತ್ತಿನ ಪಾತ್ರ ಬರುವುದು ಒಪ್ಪಂದಕ್ಕೆ ತಕ್ಕ ದೇಶೀಯ ಕಾನೂನು ಮಾಡುವಾಗ ಮಾತ್ರವೆಂದೂ ಚಳವಳಿ ಕಲಿತದ್ದು ಆಗ.

ಆ ದೇಶೀಯ ಕಾನೂನು ಮಸೂದೆಯಾಗಿ ಲೋಕಸಭೆಗೆ ಬಂದದ್ದು 1999ರ ಡಿಸೆಂಬರಿನಲ್ಲಿ. ಸಾಹಿಬ್ ಸಿಂಗ್ ವರ್ಮಾ ಅವರ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿಗೆ, ಅಂದರೆ ಎರಡೂ ಸದನಗಳ ಸದಸ್ಯರಿರುವ ಪರಿಶೀಲನಾ ಸಮಿತಿಗೆ, ಅದನ್ನು ಒಪ್ಪಿಸಲಾಯಿತು. ಸಮಿತಿ ರೈತ ಸಂಘಟನೆಗಳ, ವಿಜ್ಞಾನಿಗಳ, ಕಂಪನಿಗಳ ಅಭಿಪ್ರಾಯಗಳನ್ನು ಪಡೆದು 2000ದಲ್ಲಿ ವರದಿ ಕೊಟ್ಟಿತು; ರೈತರ ಹಕ್ಕುಗಳಿಗೆಂದೇ ಒಂದು ಅಧ್ಯಾಯ ಮಸೂದೆಯಲ್ಲಿ ಸೇರಿತು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು ಇಂದಿಗೂ ಹೇಳುವುದೇನೆಂದರೆ, ಸಂರಕ್ಷಿತ ತಳಿಯ ಬೀಜವನ್ನು ಕೂಡ ರೈತ ಉಳಿಸಿಟ್ಟುಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ಬ್ರಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ. ಬೀಜ ಹೇಳಿದಷ್ಟು ಫಸಲು ಕೊಡದಿದ್ದರೆ ಪರಿಹಾರ ಕೇಳುವ ಹಕ್ಕೂ ಅದರಲ್ಲಿದೆ. ರಾಷ್ಟ್ರದ ಹಲವು ಭಾಗಗಳ ರೈತರು ಒಂದು ದಶಕ ಕೂಗಿದ ಮಾತು ಕಾನೂನಿನ ಭಾಷೆಗೆ ಇಳಿದ ಅಪರೂಪದ ಸಂದರ್ಭ ಇದು.

ಆದರೂ ಮೂರೇ ವರ್ಷದಲ್ಲಿ ಬೀಜದ ಪ್ರಶ್ನೆ ಮತ್ತೆ ಎದ್ದಿತು. ನಂಜುಂಡಸ್ವಾಮಿಯವರು ತೀರಿಕೊಂಡ ವರ್ಷವೇ, 2004ರ ಡಿಸೆಂಬರಿನಲ್ಲಿ, ರಾಜ್ಯಸಭೆಯಲ್ಲಿ ಬೀಜ ಮಸೂದೆ ಮಂಡನೆಯಾಯಿತು. 1966ರ ಬೀಜ ಕಾಯಿದೆ ಸರ್ಕಾರ ಅಧಿಸೂಚಿಸಿದ ತಳಿಗಳಿಗೆ ಮಾತ್ರ ಅನ್ವಯಿಸುತ್ತಿದ್ದರೆ, ಹೊಸ ಮಸೂದೆ ಮಾರಾಟಕ್ಕೆ ಬರುವ ಎಲ್ಲ ತಳಿಗಳ ನೋಂದಣಿಯನ್ನು ಕಡ್ಡಾಯ ಮಾಡಹೊರಟಿತ್ತು. ಕಳಪೆ ಬೀಜದ ಹಾವಳಿ ತಡೆಯುವ ಉದ್ದೇಶ ಸರಿಯಾದದ್ದೇ. ತೊಂದರೆಯಿದ್ದದ್ದು 43ನೆಯ ಕಲಮಿನಲ್ಲಿ: ರೈತ ತನ್ನ ಬೀಜವನ್ನು ಇತರರಿಗೆ ಕೊಡಬಹುದೆಂದು ಹೇಳಿದ ಆ ಕಲಮು, ಅಂಥ ಬೀಜವೂ ಮೊಳಕೆಯ ಪ್ರಮಾಣ, ಭೌತಿಕ ಶುದ್ಧತೆ ಮತ್ತು ತಳಿಶುದ್ಧತೆಗಳ ಕನಿಷ್ಠ ಮಟ್ಟವನ್ನು ಮುಟ್ಟಿರಬೇಕೆಂಬ ಷರತ್ತನ್ನು ಜೊತೆಗಿಟ್ಟಿತ್ತು. ಭೌತಿಕ ಶುದ್ಧತೆ ಎಂದರೆ ಬೀಜದಲ್ಲಿ ಕಳೆ, ಕಲ್ಲು, ಹೊಟ್ಟು ಬೆರೆಯದಿರುವುದು. ತಳಿಶುದ್ಧತೆ ಎಂದರೆ ಒಂದು ತಳಿಯಲ್ಲಿ ಇನ್ನೊಂದು ತಳಿ ಬೆರೆಯದಿರುವುದು.

ಈ ಷರತ್ತು ನಾಗಮಂಗಲದ ಹೊಲದಲ್ಲಿ ಏನಾಗುತ್ತಿತ್ತು ಎಂದು ನೋಡಬೇಕು. ಅಲ್ಲಿ ರಾಗಿ ಕೊಯ್ಲಿಗೆ ಬಂದಾಗ ಮನೆಯ ಹಿರಿಯರು, ಹೆಚ್ಚಾಗಿ ಹೆಂಗಸರು, ಹೊಲದೊಳಗೆ ನಡೆದು ತುಂಬಿದ ತೆನೆಗಳನ್ನು ಬೇರೆಯಾಗಿ ಮುರಿದುಕೊಂಡು, ಬಿಸಿಲಿಗೆ ಒಣಗಿಸಿ, ಬಡಿದು, ಬೂದಿ ಬೆರೆಸಿ, ಬೇವಿನ ಸೊಪ್ಪಿನೊಂದಿಗೆ ಮಡಕೆಯಲ್ಲಿ ಎತ್ತಿಡುತ್ತಿದ್ದರು. ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬಿತ್ತುವ ಬೇರೆ ಬೆಳೆಯ ಸಾಲಿನಲ್ಲಿ, ಬಂದ ಅವರೆ, ಹುಚ್ಚೆಳ್ಳುಗಳ ಬೀಜಕ್ಕೂ ಹೀಗೆಯೇ ಜಾಗವಿತ್ತು. ಮಳೆ ಕೈಕೊಟ್ಟು ಮರುಬಿತ್ತನೆ ಮಾಡಬೇಕಾಗಿ ಬಂದಾಗ ನೆರೆಮನೆಯಿಂದ ಕೆಲವು ಸೇರು ತಂದು, ಸುಗ್ಗಿಯಲ್ಲಿ ಒಂದಿಷ್ಟು ಹೆಚ್ಚಾಗಿಯೇ ಅಳೆದು ಹಿಂದಿರುಗಿಸುವುದು ವಾಡಿಕೆ. ಪ್ರಯೋಗಾಲಯದ ಪ್ರಮಾಣಪತ್ರ ಈ ವ್ಯವಹಾರದಲ್ಲಿ ಎಲ್ಲಿಯೂ ಬರುವುದಿಲ್ಲ. ಸಾರ್ವಜನಿಕ ಸಂಶೋಧನೆಯ ತಳಿಗಳು ಹರಡಿದ್ದೂ ಬಹುಪಾಲು ಇದೇ ದಾರಿಯಲ್ಲಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳು ರೈತನಿಂದ ರೈತನಿಗೆ ಕೈಬದಲಾಗುತ್ತ ಹಳೆ ಮೈಸೂರು ಸೀಮೆಯ ಮುದ್ದೆಯ ತಟ್ಟೆಯನ್ನು ತುಂಬಿಸಿದವು. ಈ ಕೊಡುಕೊಳ್ಳುವಿಕೆಗೆ ಮಾನದಂಡದ ಷರತ್ತು ಹಾಕಿದ್ದರೆ, ಬೀಜ ನಿರೀಕ್ಷಕರ ಮುಂದೆ ತಪ್ಪಿತಸ್ಥಳಾಗಿ ನಿಲ್ಲಬೇಕಾಗಿದ್ದದ್ದು ಆ ಮಡಕೆಯ ಒಡತಿ.

ಇಲ್ಲಿ ಸಮಿತಿಯ ವ್ಯವಸ್ಥೆ ಕೆಲಸ ಮಾಡಿತು. 1993ರಲ್ಲಿ ಜಾರಿಗೆ ಬಂದ ಇಲಾಖಾವಾರು ಸ್ಥಾಯಿ ಸಮಿತಿಗಳು ಮಸೂದೆಗಳನ್ನು ಸದನದ ಗದ್ದಲದಿಂದ ದೂರ ಕೂತು ಕಲಮು ಕಲಮಾಗಿ ನೋಡುವ ಸಂಸದರ ಗುಂಪುಗಳು. ಪ್ರತಿಯೊಂದರಲ್ಲೂ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಮಸೂದೆ ಕೈಗೆ ಬಂದಾಗ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿ ಪ್ರಕಟಣೆ ಕೊಡಬಹುದು, ಸಂಘಟನೆಗಳನ್ನು ಕರೆಸಿ ಸಾಕ್ಷ್ಯ ಪಡೆಯಬಹುದು. ಬೀಜ ಮಸೂದೆ ರಾಮ್ ಗೋಪಾಲ್ ಯಾದವ್ ಅವರ ಅಧ್ಯಕ್ಷತೆಯ ಕೃಷಿ ಸ್ಥಾಯಿ ಸಮಿತಿಯ ಮುಂದೆ ಹೋಯಿತು. ದೇಶದ ರೈತ ಸಂಘಟನೆಗಳು ಬೀದಿಯಲ್ಲಿಯೂ ಸಮಿತಿಯ ಮುಂದೆಯೂ ಆಕ್ಷೇಪಗಳನ್ನು ಹೇಳಿದವು. 2006ರ ವರದಿಯಲ್ಲಿ ಸಮಿತಿ ರೈತರ ಬೀಜ ವಿನಿಮಯವನ್ನು ಮಾನದಂಡದ ಷರತ್ತಿನಿಂದ ಬಿಡುಗಡೆ ಮಾಡಬೇಕೆಂದು ಶಿಫಾರಸು ಮಾಡಿತು, ಸರ್ಕಾರ ಮುಂದೆ ತಂದ ತಿದ್ದುಪಡಿಗಳಲ್ಲಿ ಅದು ಸೇರಿತು. ಮಸೂದೆ ಮಾತ್ರ ಕಾಯಿದೆಯಾಗಲೇ ಇಲ್ಲ. ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಲೋಕಸಭೆಯ ವಿಸರ್ಜನೆಯಿಂದ ರದ್ದಾಗುವುದಿಲ್ಲವಾದ್ದರಿಂದ ಅದು ವರ್ಷಗಟ್ಟಲೆ ಬಾಕಿಯಾಗಿಯೇ ಉಳಿಯಿತು.

ಕಬ್ಬಿನ ವಿಷಯದಲ್ಲಿ ಇನ್ನೂ ಬೇಗ ಫಲ ಸಿಕ್ಕಿದ್ದುಂಟು. 2009ರಲ್ಲಿ ಕೇಂದ್ರವು ಶಾಸನಬದ್ಧ ಕನಿಷ್ಠ ಬೆಲೆಯ ಜಾಗದಲ್ಲಿ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಎಂಬ ಹೊಸ ಪದ್ಧತಿ ತಂದಾಗ, ರಾಜ್ಯವೊಂದು ಅದಕ್ಕಿಂತ ಹೆಚ್ಚಿನ ಬೆಲೆ ಘೋಷಿಸಿದರೆ ಆ ವ್ಯತ್ಯಾಸವನ್ನು ರಾಜ್ಯವೇ ಭರಿಸಬೇಕೆಂಬ ಅಂಶವನ್ನು ಸೇರಿಸಿತ್ತು. ಆ ವರ್ಷದ ನವೆಂಬರಿನಲ್ಲಿ ಕಬ್ಬು ಬೆಳೆಗಾರರು, ಮುಖ್ಯವಾಗಿ ಉತ್ತರ ಪ್ರದೇಶದವರು, ದೆಹಲಿಗೆ ಬಂದರು, ಸಂಸತ್ತಿನಲ್ಲೂ ಅದೇ ದನಿ ಎದ್ದಿತು. ಆ ಬೆಲೆ ಪದ್ಧತಿಯ ಮಸೂದೆ ಅಂಗೀಕಾರವಾಗುವ ಹೊತ್ತಿಗೆ ಆ ಅಂಶವನ್ನು ಕೈಬಿಡಲಾಗಿತ್ತು. ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬಿನ ಬಯಲಿಗೂ ಸಂಬಂಧಿಸಿದ ಮಾತು ಅದು.

ಇದಕ್ಕೆ ವಿರುದ್ಧವಾದ ಅನುಭವ ಅಣೆಕಟ್ಟು ಸುರಕ್ಷತಾ ಮಸೂದೆಯದು. ಕೃಷ್ಣರಾಜಸಾಗರ ಅಣೆಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ ಎಂಬುದು ಈ ಸೀಮೆಯ ಶಾಲಾ ಮಕ್ಕಳಿಗೂ ಬಾಯಿಪಾಠ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಾರಿಕೆಯಿಂದ ಕಟ್ಟೆಗೆ ಧಕ್ಕೆಯಾದೀತೆಂದು ಜನ ಆತಂಕಪಟ್ಟು ಮನವಿ ಕೊಡುತ್ತಿದ್ದ ವರ್ಷಗಳಲ್ಲೇ, ದೇಶದ ದೊಡ್ಡ ಅಣೆಕಟ್ಟುಗಳ ಪರಿಶೀಲನೆ, ಹೊಣೆ, ಅಧಿಕಾರಗಳನ್ನು ನಿರ್ಧರಿಸುವ ಮಸೂದೆ ದೆಹಲಿಯಲ್ಲಿತ್ತು. 2019ರ ಜುಲೈ 29ರಂದು ಲೋಕಸಭೆಯಲ್ಲಿ ಮಂಡನೆಯಾದ ಅದು ಆಗಸ್ಟ್ 2ರಂದೇ ಅಲ್ಲಿ ಅಂಗೀಕಾರವಾಯಿತು. ಆಯ್ಕೆ ಸಮಿತಿಗೆ, ಅಂದರೆ ಆ ಮಸೂದೆಯ ಪರಿಶೀಲನೆಗೆಂದೇ ನೇಮಿಸುವ ಸಮಿತಿಗೆ, ಕಳಿಸಬೇಕೆಂಬ ಒತ್ತಾಯವನ್ನು ಮೀರಿ 2021ರ ಡಿಸೆಂಬರಿನಲ್ಲಿ ರಾಜ್ಯಸಭೆಯೂ ಒಪ್ಪಿತು. ಕಟ್ಟೆಯ ಕೆಳಗೆ ಮನೆ ಕಟ್ಟಿಕೊಂಡಿರುವ ಶ್ರೀರಂಗಪಟ್ಟಣದವರಿಗೆ ಆ ಕರಡಿನ ಬಗ್ಗೆ ಹೇಳುವುದಿರಬಹುದೆಂದು ಯಾರಿಗೂ ಅನಿಸಲಿಲ್ಲ.

2020ರ ಕೃಷಿ ಕಾಯಿದೆಗಳ ಕಥೆ ಎಲ್ಲರಿಗೂ ಗೊತ್ತು. ಜೂನ್‌ನಲ್ಲಿ ಸುಗ್ರೀವಾಜ್ಞೆ, ಅಂದರೆ ಸಂಸತ್ತು ನಡೆಯದಿರುವಾಗ ಹೊರಡಿಸುವ ತಾತ್ಕಾಲಿಕ ಕಾನೂನು. ಸೆಪ್ಟೆಂಬರ್ 14ರಂದು ಮಸೂದೆ ಮಂಡನೆ. 20ರಂದು ರಾಜ್ಯಸಭೆಯಲ್ಲಿ ಅವುಗಳಲ್ಲಿ ಎರಡು ಮಸೂದೆಗಳಿಗೆ ಧ್ವನಿಮತದ ಅಂಗೀಕಾರ. ಯಾವ ಸಮಿತಿಯ ಮುಂದೆಯೂ ಅವು ಹೋಗಲಿಲ್ಲ. ಸಮಿತಿಯ ಕೊಠಡಿಯಲ್ಲಿ ಕೆಲವು ತಿಂಗಳು ನಡೆಯಬೇಕಿದ್ದ ಮಾತು ದೆಹಲಿಯ ಗಡಿಗಳಲ್ಲಿ ರೈತರ ಧರಣಿಯಾಗಿ ಒಂದು ವರ್ಷ ಮೀರಿ ನಡೆಯಿತು, 2021ರ ನವೆಂಬರಿನಲ್ಲಿ ಸಂಸತ್ತೇ ಅವನ್ನು ಹಿಂತೆಗೆದುಕೊಂಡಿತು. ಆ ಚಳಿಯಲ್ಲಿ ಪ್ರಾಣ ಬಿಟ್ಟವರನ್ನು ನೆನೆದರೆ, ಪರಿಶೀಲನೆಯನ್ನು ಬಿಟ್ಟು ಉಳಿಸಿದ ಕೆಲವು ತಿಂಗಳುಗಳ ಬೆಲೆ ತೀರಾ ಹೆಚ್ಚಾಯಿತೆಂದೇ ಹೇಳಬೇಕು. ಪಂಪ್‌ಸೆಟ್ ರೈತರಿಗೆ ನೇರವಾಗಿ ಸಂಬಂಧಿಸಿದ ವಿದ್ಯುತ್ ತಿದ್ದುಪಡಿ ಮಸೂದೆಯನ್ನು 2022ರ ಆಗಸ್ಟಿನಲ್ಲಿ ಮಂಡಿಸಿದ ದಿನವೇ ಸ್ಥಾಯಿ ಸಮಿತಿಗೆ ಒಪ್ಪಿಸಿದ್ದು ಈ ಅನುಭವದ ನಂತರ.

ಸಂಸತ್ತಿಗೆ ನೇರವಾಗಿ ಅರ್ಜಿ ಹಾಕುವ ಹಕ್ಕು ಪುಸ್ತಕದಲ್ಲಿ ಹಿಂದಿನಿಂದಲೂ ಇದೆ. ಲೋಕಸಭೆಯ ನಿಯಮಾವಳಿಯ ಪ್ರಕಾರ ಮಂಡನೆಯಾದ ಯಾವುದೇ ಮಸೂದೆಯ ಬಗ್ಗೆ ಯಾವುದೇ ನಾಗರಿಕರು ಸದನಕ್ಕೆ ಅರ್ಜಿ ಸಲ್ಲಿಸಬಹುದು. ಅದು ಗೌರವದ ಭಾಷೆಯಲ್ಲಿರಬೇಕು, ಕೊನೆಯಲ್ಲಿ ಕೋರಿಕೆ ಸ್ಪಷ್ಟವಾಗಿರಬೇಕು, ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನೊಂದಿಗೆ ಹೆಸರು ವಿಳಾಸವಿರಬೇಕು, ಸಂಸದರು ಮಂಡಿಸುವುದಾದರೆ ಅವರ ಮೇಲುಸಹಿ ಬೇಕು. ಇಂಥ ಅರ್ಜಿಗಳನ್ನು ನೋಡಲು 15 ಸದಸ್ಯರ ಅರ್ಜಿಗಳ ಸಮಿತಿಯೇ ಇದೆ. ಪಾಂಡವಪುರದ ಮನವಿಪತ್ರಕ್ಕೆ ಈ ಗುಣಗಳೆಲ್ಲ ಇದ್ದವು, ಒಂದನ್ನು ಬಿಟ್ಟು. ಅರ್ಜಿ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಬೇರೆ ಭಾರತೀಯ ಭಾಷೆಯಲ್ಲಿದ್ದರೆ ಅವೆರಡರಲ್ಲೊಂದರ ಅನುವಾದವನ್ನು ಅರ್ಜಿದಾರರೇ ಸಹಿ ಮಾಡಿ ಲಗತ್ತಿಸಬೇಕು. ಹೆಬ್ಬೆಟ್ಟು ಒತ್ತುವ ರೈತ ತಾನು ಓದಲಾರದ ಭಾಷೆಯ ಹಾಳೆಗೂ ಹೆಬ್ಬೆಟ್ಟು ಒತ್ತಬೇಕೆಂಬ ಈ ನಿಯಮ ಬದಲಾಗಲೇಬೇಕು.

ಭಾಷೆಯ ತೊಡಕನ್ನು ನ್ಯಾಯಾಲಯಗಳು ಗುರುತಿಸಿವೆ. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಿತು, ಕರ್ನಾಟಕ ಹೈಕೋರ್ಟಿನಲ್ಲೂ ಆ ಕರಡಿನ ಪ್ರಚಾರದ ಕೊರತೆಯ ಪ್ರಶ್ನೆ ಎದ್ದು ಅಂತಿಮ ಅಧಿಸೂಚನೆಗೆ ತಡೆ ಬಂತು. ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ 2014ರ ಪೂರ್ವ ಶಾಸನ ಸಮಾಲೋಚನಾ ನೀತಿಯೂ ಇದೆ. ಆದರೆ ನೀತಿಗೆ ಕಾನೂನಿನ ಬಲವಿಲ್ಲ.

2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಮತ್ತೊಂದು ಬೀಜ ಮಸೂದೆಯ ಕರಡನ್ನು ಹೊರಡಿಸಿ, ಡಿಸೆಂಬರ್ 11ರವರೆಗೆ ಅಭಿಪ್ರಾಯ ಕೇಳಿತು. ನಾಗಮಂಗಲದಲ್ಲಿ ಅದು ರಾಗಿ ಕೊಯ್ದು ಮೆದೆ ಹಾಕುವ ಕಾಲ, ನಾಲೆಯ ಬಯಲಿನಲ್ಲಿ ಭತ್ತ ಮಾಗುವ ಕಾಲ. ಬೀಜವನ್ನು ಕುರಿತ ಯಾವುದೇ ಮಸೂದೆ ಸಂಸತ್ತಿಗೆ ಬಂದಾಗ ಮಂಡ್ಯದ ಸಂಸದರು ಅದನ್ನು ಸ್ಥಾಯಿ ಸಮಿತಿಗೆ ಒಪ್ಪಿಸುವಂತೆ ಒತ್ತಾಯಿಸಬೇಕು, ವಿ.ಸಿ. ಫಾರಂನ ವಿಜ್ಞಾನಿಗಳು ಅದರ ಕಲಮುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಗ್ರಾಮಸಭೆಗಳು ಅದನ್ನು ಓದಿಸಿ ಕೇಳಬೇಕು. ರೈತ ಸಂಘಟನೆಗಳು ತಹಶೀಲ್ದಾರರಿಗೆ ಕೊಡುವ ಮನವಿಯ ಇನ್ನೊಂದು ಪ್ರತಿಯನ್ನು, ಕಲಮಿನ ಸಂಖ್ಯೆ ಮತ್ತು ಬೇಕಾದ ತಿದ್ದುಪಡಿಯನ್ನು ನಮೂದಿಸಿ, ಸಂಸದರ ಮೇಲುಸಹಿಯೊಂದಿಗೆ ಲೋಕಸಭೆಯ ಅರ್ಜಿಗಳ ಸಮಿತಿಗೂ ಕೃಷಿ ಸ್ಥಾಯಿ ಸಮಿತಿಗೂ ತಪ್ಪದೆ ಕಳಿಸಬೇಕು.